ಎಲ್‌ಎಲ್‌ಬಿ ಮುಗೀತು, ಟ್ಯಾಕ್ಸ್ ಲೈನ್‌ಗೆ ಹೋಗೋದು ಹೇಗೆ?

ಶಿವಮೊಗ್ಗ: 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ನೆನಪಿರಬಹುದು. ಬೇಕರಿ, ತರಕಾರಿ ಅಂಗಡಿಯವರೆಲ್ಲ ಗಾಬರಿ ಬಿದ್ದಿದ್ರು. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ, ಅದನ್ನಷ್ಟೇ ಮಾರೋರು ನೋಂದಣಿ ಮಾಡಿಸಬೇಕಿಲ್ಲ. ಉಳಿದಂತೆ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ. ಇಷ್ಟನ್ನು ನೆಟ್ಟಗೆ ಬರೆದು ಇಲಾಖೆಗೆ ಉತ್ತರ ಕೊಡೋದೇ ತೆರಿಗೆ ವಕೀಲರ ಮೊದಲ ಕೆಲಸ.

ಕಾಲೇಜಿಂದ ಹೊರಬಂದವರು ಮೊದಲು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಆಗಬೇಕು. ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ನೀಡಿದ ತೀರ್ಪಿನ ಪ್ರಕಾರ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿ ಮೀರುವಂತಿಲ್ಲ. ಆಮೇಲೆ ಎರಡು ವರ್ಷದೊಳಗೆ ಎಐಬಿಇ ಪರೀಕ್ಷೆ ಪಾಸಾಗಬೇಕು. ಟಿಪ್ಪಣಿ ಇಲ್ಲದ ಬೇರ್ ಆಕ್ಟ್ ಒಳಗೆ ಒಯ್ಯಬಹುದು.

ಕೆಲಸ ಕಲಿಯೋಕೆ ಹೆಚ್ಚಿನವರು ಆಡಿಟರ್ ಆಫೀಸಿಗೆ ಹೋಗ್ತಾರೆ. ಹೋಗಿ, ರಿಟರ್ನ್ಸ್ ಕೈಗೆ ಹತ್ತುತ್ತೆ. ಆದ್ರೆ ಸನ್ನದು ಇಟ್ಟುಕೊಂಡು ಪ್ರಾಕ್ಟೀಸ್ ಮಾಡೋರು ಪೂರ್ಣಾವಧಿ ಸಂಬಳದ ನೌಕರಿ ಮಾಡುವ ಹಾಗಿಲ್ಲ. ಟ್ಯಾಕ್ಸ್ ಆಡಿಟ್‌ಗೆ ಸಹಿ ಹಾಕೋ ಅಧಿಕಾರವೂ ವಕೀಲರಿಗಿಲ್ಲ, ಅದು ಸಿಎಗಳದ್ದು. ಹಾಗಾಗಿ ಮೇಲ್ಮನವಿ ನಡೆಸುವ ಹಿರಿಯ ವಕೀಲರ ಕೈಕೆಳಗೆ ಸೇರೋದೇ ವಾಸಿ ಅಂತ ನನಗನ್ಸುತ್ತೆ.

ಕೇಸು ಕೈತಪ್ಪೋದು ಹೆಚ್ಚಾಗಿ ದಿನಾಂಕದಲ್ಲಿ. ಜಿಎಸ್‌ಟಿ ನೋಟಿಸ್, ಆದೇಶ ಪೋರ್ಟಲ್‌ನಲ್ಲಿ ಬಂದು ಕೂತಿರುತ್ತೆ, ಅಂಗಡಿಯವರು ನೋಡಿರಲ್ಲ. ಆದೇಶ ತಲುಪಿದ ಮೂರು ತಿಂಗಳಲ್ಲಿ ಮೇಲ್ಮನವಿ ಹಾಕಬೇಕು, ವಿವಾದದಲ್ಲಿರೋ ತೆರಿಗೆಯ ಶೇ 10 ಮೊದಲೇ ಕಟ್ಟಬೇಕು. ಸಕಾರಣ ಇದ್ರೆ ಇನ್ನೊಂದು ತಿಂಗಳು ಸಿಗುತ್ತೆ. ಅದೂ ದಾಟಿದ್ರೆ ಹೈಕೋರ್ಟ್ ಮೆಟ್ಟಿಲು, ಅಲ್ಲೂ ಗ್ಯಾರಂಟಿ ಇಲ್ಲ. ಕಕ್ಷಿದಾರರ ಲಾಗಿನ್ ವಾರಕ್ಕೊಮ್ಮೆ ನೋಡೋ ಜೂನಿಯರ್‌ಗೆ ಬೆಲೆ ಇರೋದು ಇದಕ್ಕೇ.

ಆದಾಯ ತೆರಿಗೆಯಲ್ಲಿ 1961ರ ಕಾಯ್ದೆ ಬದಲು 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಹಳೇ ವರ್ಷಗಳ ಕೇಸು ಹಳೇ ಕಾಯ್ದೆಯಲ್ಲೇ ನಡೆಯುತ್ತೆ, ಹಾಗಾಗಿ ಎರಡೂ ಓದಬೇಕು. ಹೊಸ ಸೆಕ್ಷನ್ ನಂಬರು ಹಿರಿಯರಿಗೂ ಹೊಸದೇ, ಇಲ್ಲಿ ಹುಡುಗರೂ ಅವರೂ ಒಂದೇ ಬೆಂಚು.

ನಮ್ಮ ಕಡೆ ಅಡಿಕೆ ಗೊತ್ತಿರಲೇಬೇಕು. ತೋಟದ ಬೆಳೆ ಮಾರೋ ರೈತ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ, ಕೃಷಿ ಆದಾಯಕ್ಕೆ ಆದಾಯ ತೆರಿಗೆಯೂ ಇಲ್ಲ. ಒಣ ಅಡಿಕೆ ಕೊಂಡು ಮಾರೋ ವರ್ತಕನಿಗೆ ಶೇ 5 ಜಿಎಸ್‌ಟಿ. ಒಬ್ಬನೇ ಎರಡೂ ಮಾಡಿದಾಗ ಜಗಳ ಶುರು.

ದುಡ್ಡಿನ ವಿಷಯ: ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಅದು ಸಲಹೆ ಅಷ್ಟೇ, ಕಡ್ಡಾಯ ಅಲ್ಲ. ಸೇರುವ ಮೊದಲೇ ಎಷ್ಟು ಕೊಡ್ತೀರಿ ಅಂತ ಬಾಯ್ಬಿಟ್ಟು ಕೇಳಿ. ಇನ್ನೊಂದು, 'ನೋಟಿಸ್ ಬಂದಿದೆಯಾ? ಕರೆ ಮಾಡಿ' ಅಂತ ರೀಲ್ಸ್ ಬಿಡಬೇಡಿ. ವಕೀಲರಿಗೆ ಜಾಹೀರಾತು ನಿಷಿದ್ಧ, ದೂರು ಸೀದಾ ಪರಿಷತ್ತಿಗೆ ಹೋಗುತ್ತೆ.