ಮಡಿವಾಳದ ಶಾಸನ ಮತ್ತು ಒಂದು ಹಳೆಯ ಕ್ಯಾಮೆರಾ

ಮಡಿವಾಳದ ಸೋಮೇಶ್ವರ ದೇವಸ್ಥಾನದ ಹೊರಗೋಡೆಯ ಮೇಲೆ ತಮಿಳು ಶಾಸನಗಳಿವೆ. ಅವುಗಳಲ್ಲಿ ಹಳೆಯದು 1247ರದು, ಬೇಗೂರಿನವರೊಬ್ಬರು ಕೊಟ್ಟ ಭೂದಾನದ ದಾಖಲೆ. 1365ರ ಇನ್ನೊಂದರಲ್ಲಿ ಪಕ್ಕದ ತಾವರೆಕೆರೆಯ ಹೆಸರಿದೆ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ಇಷ್ಟು ಹತ್ತಿರದಲ್ಲೇ ಇಷ್ಟು ಹಳೆಯ ಊರೊಂದಿದೆ ಎಂದು ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ.

ಮೊದಲ ಸಲ ನೋಡಿದಾಗ ಫೋನಿನಲ್ಲಿ ಫೋಟೊ ತೆಗೆದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಬೂದು ಕಲ್ಲಷ್ಟೇ ಇತ್ತು, ಅಕ್ಷರ ಕಾಣಲಿಲ್ಲ. ಆ ಲಿಪಿ ನನಗೆ ಓದಲು ಬಾರದು. ಓದಬಲ್ಲವರಿಗೆ ಕಳಿಸುವಂಥ ಚಿತ್ರವಾದರೂ ಬೇಕಲ್ಲ ಎಂದು ಕ್ಯಾಮೆರಾ ಹುಡುಕತೊಡಗಿದೆ. ಎಲ್ಲ ಸೇರಿ 20,000 ರೂಪಾಯಿ ದಾಟುವಂತಿರಲಿಲ್ಲ.

ಅಗ್ಗದ ಕ್ಯಾಮೆರಾಗಳಿಗೂ ಒಂದು ಚರಿತ್ರೆಯಿದೆ. 1900ರಲ್ಲಿ ಕೊಡಾಕ್ ಕಂಪನಿ ಒಂದು ಡಾಲರಿಗೆ ಬ್ರೌನಿ ಎಂಬ ರಟ್ಟಿನ ಪೆಟ್ಟಿಗೆಯನ್ನು ಮಾರಿತು. ನಮ್ಮಲ್ಲಿ ಆ ಜಾಗ ತುಂಬಿದ್ದು ಅಗ್ಫಾ ಕ್ಲಿಕ್ 3. ಒಂದು ರೋಲಿಗೆ 12 ಚಿತ್ರ. ಷಟರ್ ವೇಗ ಬದಲಿಸುವಂತಿರಲಿಲ್ಲ. ಮದುವೆಮನೆಯವರನ್ನೆಲ್ಲ ಅಂಗಳದ ಬಿಸಿಲಿಗೆ ಕರೆತಂದು ನಿಲ್ಲಿಸುತ್ತಿದ್ದುದು ಶಾಸ್ತ್ರಕ್ಕಲ್ಲ, ಆ ಕ್ಯಾಮೆರಾಕ್ಕೆ ಬಿಸಿಲು ಬೇಕಿತ್ತು. ಅಗ್ಗದ ಕ್ಯಾಮೆರಾ ಬೆಲೆಯ ಜೊತೆಗೆ, ಏನನ್ನು ತೆಗೆಯಬಹುದು ಎಂಬುದನ್ನೂ ನಿರ್ಧರಿಸುತ್ತಿತ್ತು.

ಡಿಜಿಟಲ್ ಬಂದ ಮೇಲೆ ಆ ಮಿತಿ ಹೋಗಲಿಲ್ಲ, ಅಂಕಿಗಳ ಹಿಂದೆ ಅಡಗಿತು. 1975ರಲ್ಲಿ ಕೊಡಾಕಿನ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು 10,000 ಪಿಕ್ಸೆಲ್. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು. ಅಲ್ಲಿಂದ ಮುಂದೆ ಅಂಗಡಿಯವರ ಮಾತೆಲ್ಲ ಮೆಗಾಪಿಕ್ಸೆಲ್ಲಿನದೇ. ಜೇಬಿಗೆ ಹಿಡಿಯುವ 20 ಮೆಗಾಪಿಕ್ಸೆಲ್ ಕ್ಯಾಮೆರಾ ನನಗೂ ಇಷ್ಟವಾಗಿತ್ತು. ಆದರೆ ಅಂಥವುಗಳಲ್ಲಿ ಹೆಚ್ಚಿನವುಗಳ ಸೆನ್ಸರು ಸುಮಾರು 6.2 x 4.6 ಮಿಲಿಮೀಟರ್, ಕಿರುಬೆರಳಿನ ಉಗುರಿಗಿಂತ ಚಿಕ್ಕದು. 2010ರ ನಿಕಾನ್ ಡಿ3100ರಲ್ಲಿ 14.2 ಮೆಗಾಪಿಕ್ಸೆಲ್ ಮಾತ್ರ, ಆದರೆ ಸೆನ್ಸರಿನ ವಿಸ್ತೀರ್ಣ 12 ಪಟ್ಟು. ಮಬ್ಬು ಬೆಳಕಿನಲ್ಲಿ ಕಲ್ಲಿನ ಸಣ್ಣ ಗೀರು ಉಳಿಯುವುದು ಇದರಿಂದ.

ಇಷ್ಟು ತಿಳಿದ ಮೇಲೂ ಪೂರ್ತಿ ಉತ್ತರ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಶಾಸನತಜ್ಞರ ಹಳೆಯ ವಿದ್ಯೆಯಿಂದ. ಅವರು ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಅಕ್ಷರದ ಗುಳಿಗೆ ಇಳಿಸುತ್ತಾರೆ. ಮೇಲೆ ಮಸಿ ಒತ್ತಿದರೆ ಗುಳಿ ಬಿಳಿಯಾಗಿಯೇ ಉಳಿದು ಅಕ್ಷರ ಕಾಣುತ್ತದೆ. ಬಿ. ಎಲ್. ರೈಸ್ 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಬೆಂಗಳೂರು ಜಿಲ್ಲೆಯ ಸಂಪುಟ ಹೊರತಂದದ್ದು ಇಂಥ ಶ್ರಮದ ಮೇಲೆ. ಇವತ್ತು ಮಿಥಿಕ್ ಸೊಸೈಟಿಯವರು 3ಡಿ ಸ್ಕ್ಯಾನ್ ಮಾಡಿ ಬೆಂಗಳೂರಿನ ಶಾಸನಗಳನ್ನು ಉಳಿಸುತ್ತಿದ್ದಾರೆ. ಎರಡರಲ್ಲೂ ಹಿಡಿಯುವುದು ಬಣ್ಣವನ್ನಲ್ಲ, ಆಳವನ್ನು. ಫೋಟೊದಲ್ಲಿ ಆಳ ಕಾಣಬೇಕಾದರೆ ನೆರಳು ಬೇಕು. ನನ್ನ ಫೋನಿನ ಫ್ಲ್ಯಾಶ್ ಕಲ್ಲಿಗೆ ನೇರ ಬಡಿದು, ಇದ್ದ ನೆರಳನ್ನೂ ಅಳಿಸಿತ್ತು.

ಆಮೇಲೆ ಲೆಕ್ಕ ಬದಲಾಯಿತು. ಒಂದು ಸೆಕೆಂಡ್‌ಹ್ಯಾಂಡ್ ಡಿ3100 ಮತ್ತು ಅದರ ಜೊತೆ ಬರುವ ಲೆನ್ಸ್ ಕೊಂಡೆ. ಉಳಿದ ದುಡ್ಡಿನಲ್ಲಿ ಗಟ್ಟಿ ಟ್ರೈಪಾಡ್, ಒಂದು ಟಾರ್ಚ್. ಅರ್ಚಕರ ಅಪ್ಪಣೆ ಪಡೆದು ಒಂದು ಸಂಜೆ ಕ್ಯಾಮೆರಾ ನಿಲ್ಲಿಸಿ, ಷಟರನ್ನು 2 ಸೆಕೆಂಡು ತೆರೆದಿಟ್ಟು, ಟಾರ್ಚನ್ನು ಗೋಡೆಗೆ ತಾಗುವಷ್ಟು ಓರೆಯಾಗಿ ಹಿಡಿದೆ. ಒಂದೇ ಸಾಲನ್ನು ಎಡದಿಂದ, ಬಲದಿಂದ, ಮೇಲಿನಿಂದ ಬೆಳಕು ಬಿಟ್ಟು ಮೂರು ಸಲ ತೆಗೆದೆ. ಒಂದರಲ್ಲಿ ಮುಚ್ಚಿದ ಗೀಟು ಇನ್ನೊಂದರಲ್ಲಿ ತೆರೆಯಿತು.

ಈಗ ಪ್ರತಿ ಚಿತ್ರದಲ್ಲೂ ಕಲ್ಲಿನ ಪಕ್ಕ ಒಂದು ಅಳತೆಪಟ್ಟಿ ಇಡುತ್ತೇನೆ. ಯಾವ ಗೋಡೆ, ಯಾವ ದಿನ, ಬೆಳಕು ಯಾವ ಕಡೆಯಿಂದ ಎಂದು ಬರೆದಿಡುತ್ತೇನೆ. ಗೋಡೆಗೆ ನಾಳೆ ಯಾರಾದರೂ ಭಕ್ತಿಯಿಂದಲೇ ಬಣ್ಣ ಬಳಿಸಬಹುದು. ಆಗ ಆ ಸಾಲು ಓದಬಲ್ಲವರು ಬಂದರೆ, ಅವರಿಗೆ ಬೇಕಾಗುವುದು ನನ್ನ ಕ್ಯಾಮೆರಾದ ಮಾಡೆಲ್ ನಂಬರ್ ಅಲ್ಲ, ಆ ಮೂರು ನೆರಳುಗಳು.