ಬುಷಿದೋ ಮೇಲೆ ಶಿಂಟೋ ಪ್ರಭಾವ: ಕಮಾಕುರದಿಂದ ಹೇವರ್ಡ್‌ವರೆಗೆ

ಜಪಾನಿನ ಸಮುರಾಯ್ ಯೋಧರ ನಡೆನುಡಿಯ ಕಟ್ಟಳೆಗೆ ಬುಷಿದೋ ಎಂದು ಹೆಸರು. ಕಾಮಿ ಎಂದು ಕರೆಯುವ ದೇವತೆಗಳನ್ನೂ ಪಿತೃಗಳನ್ನೂ ಆರಾಧಿಸುವ ಅಲ್ಲಿನ ದೇಶೀಯ ಧರ್ಮವೇ ಶಿಂಟೋ. ರಾಜನಿಷ್ಠೆ, ಪೂರ್ವಜರ ಸ್ಮರಣೆ, ತಂದೆತಾಯಿಯರಲ್ಲಿ ಭಕ್ತಿ, ಈ ಮೂರೂ ಬುಷಿದೋಗೆ ಶಿಂಟೋದಿಂದ ಬಂದವೆಂದು ಹೆಚ್ಚಿನ ಕೈಪಿಡಿಗಳು ಬರೆಯುತ್ತವೆ. ಈ ಹೇಳಿಕೆಗೆ ಪ್ರಚಾರ ಕೊಟ್ಟ ಪುಸ್ತಕ ಹುಟ್ಟಿದ್ದು ಕ್ಯಾಲಿಫೋರ್ನಿಯದ ಮಾಂಟೆರೇಯಲ್ಲಿ, 1899ರಲ್ಲಿ. ಮಧ್ಯಯುಗದ ದಾಖಲೆಗಳು ಬೇರೆಯೇ ಚಿತ್ರ ಕೊಡುತ್ತವೆ. ಈ ಎರಡನ್ನು ಬೇರ್ಪಡಿಸದೆ ಹೋದರೆ 1930–40ರ ದಶಕಗಳಲ್ಲಿ ಅದೇ ಕ್ಯಾಲಿಫೋರ್ನಿಯದ ಹೇವರ್ಡ್ ಊರಿನ ಸುತ್ತಿನ ಜಪಾನೀ ಕುಟುಂಬಗಳಿಗೆ ಏನಾಯಿತೆಂಬುದು ಅರ್ಥವಾಗುವುದಿಲ್ಲ.

ಮಧ್ಯಯುಗದ ಸಾಕ್ಷ್ಯಗಳಲ್ಲಿ ತೂಕದ್ದು 1232ರ ಗೋಸೈಬಾಯ್ ಶಿಕಿಮೋಕು. ಯೋಧ ಸರ್ಕಾರದ ನೆಲೆಯಾಗಿದ್ದ ಕಮಾಕುರದ ಆಡಳಿತಾಧಿಕಾರಿ ಹೋಜೋ ಯಾಸುತೋಕಿ ಹೊರಡಿಸಿದ ಈ 51 ವಿಧಿಗಳ ಸಂಹಿತೆ ಆ ಸರ್ಕಾರದ ಮೊದಲ ಕಾನೂನು ಪುಸ್ತಕ. ಶಿಂಟೋ ದೇವಸ್ಥಾನಗಳ ದುರಸ್ತಿ ಮಾಡಿಸಿ ಪೂಜೆ ನಡೆಸಬೇಕು ಎನ್ನುವುದು ಅದರ ಮೊದಲ ವಿಧಿ. ಬೌದ್ಧ ವಿಹಾರಗಳಿಗೂ ಅದೇ ಕಾಳಜಿ ಬೇಕೆನ್ನುವುದು ಎರಡನೆಯದು. ಶಿಂಟೋಗೆ ಅಗ್ರಸ್ಥಾನ ಸಿಕ್ಕಿತೆಂದು ಇದನ್ನು ಉದಾಹರಿಸುವವರು ಕೊನೆಯ ಪ್ರಮಾಣಪತ್ರವನ್ನು ಓದದೆ ಬಿಡುತ್ತಾರೆ. ಪಕ್ಷಪಾತವಿಲ್ಲದೆ ನ್ಯಾಯ ಹೇಳುತ್ತೇವೆಂದು ಯಾಸುತೋಕಿಯೂ ಸಭಾಸದರೂ ಆಣೆಯಿಟ್ಟಾಗ ಮೊದಲು ಕರೆದದ್ದು ಬೋನ್‌ತೆನ್ ಮತ್ತು ತಾಯ್‌ಶಾಕು, ಅಂದರೆ ನಮ್ಮ ಬ್ರಹ್ಮ ಮತ್ತು ಇಂದ್ರ. ಅನಂತರ ನಾಲ್ವರು ದಿಕ್ಪಾಲಕರು. ಇಝು, ಹಾಕೋನೆ, ಮಿಶಿಮಾ, ಹಾಚಿಮಾನ್ ಮುಂತಾದ ನೆಲದ ದೇವತೆಗಳ ಸರದಿ ಬರುವುದು ಆಮೇಲೆ. ಬೌದ್ಧ ಧರ್ಮದ ಜೊತೆ ಭಾರತದಿಂದ ಹೋದ ದೇವರೂ ಊರ ದೇವರೂ ಒಂದೇ ಪಂಕ್ತಿಯಲ್ಲಿ ಸಾಕ್ಷಿಗೆ ನಿಂತಿದ್ದರು.

ಯೋಧರು ಒಡೆಯನಿಗೆ ಬರೆದುಕೊಡುತ್ತಿದ್ದ ಕಿಶೋಮೋನ್ ಎಂಬ ಆಣೆಪತ್ರಗಳಲ್ಲೂ ಇದೇ ಬೆರಕೆ. ಕುಮಾನೋ ಕ್ಷೇತ್ರದ ರಕ್ಷಾಪತ್ರದ ಹಿಂಬದಿಯಲ್ಲಿ ಅವುಗಳನ್ನು ಬರೆಯುವ ರೂಢಿಯಿತ್ತು. ಮುಂಬದಿಯಲ್ಲಿ ಕಾಗೆಗಳ ಚಿತ್ರಗಳನ್ನೇ ಜೋಡಿಸಿ ಅಕ್ಷರಗಳನ್ನು ಮೂಡಿಸಿರುತ್ತಿದ್ದರು. ಮಾತು ತಪ್ಪಿದರೆ ಕುಮಾನೋದಲ್ಲಿ ಕಾಗೆ ಸಾಯುತ್ತದೆ, ತಪ್ಪಿದವನು ರಕ್ತ ಕಾರುತ್ತಾನೆ ಎಂಬ ನಂಬಿಕೆಯಿತ್ತು. ಕೆಲವೊಮ್ಮೆ ಪತ್ರವನ್ನು ಸುಟ್ಟು ಬೂದಿಯನ್ನು ನೀರಿಗೆ ಬೆರೆಸಿ, ಸೇರಿದವರೆಲ್ಲ ತೀರ್ಥದಂತೆ ಕುಡಿಯುತ್ತಿದ್ದರು. ಸಮುರಾಯ್ ಬದುಕಿನಲ್ಲಿ ಶಿಂಟೋ ಯಾವ ಕೆಲಸ ಮಾಡಿತು ಎಂಬ ಪ್ರಶ್ನೆಗೆ ಈ ಆಣೆಪತ್ರಗಳೇ ಗಟ್ಟಿಯಾದ ಉತ್ತರ. ನಿಷ್ಠೆ ಎಂದರೇನು ಎಂದು ಕಾಮಿಗಳು ಬೋಧಿಸಲಿಲ್ಲ. ಕೊಟ್ಟ ಮಾತಿಗೆ ಜಾಮೀನು ನಿಂತರು.

ಮಿನಾಮೋತೋ ಮನೆತನದ ಕುಲದೈವವಾದ ಹಾಚಿಮಾನ್ ಯೋಧರ ದೇವರೆಂದು ಪ್ರಸಿದ್ಧ. ಆ ಮನೆತನದ ಯೋರಿತೋಮೋ 1180ರಲ್ಲಿ ಕಮಾಕುರದ ಈಗಿನ ಜಾಗಕ್ಕೆ ತಂದ ತ್ಸುರುಗಾಓಕಾ ದೇವಸ್ಥಾನದಲ್ಲಿ ಹಾಚಿಮಾನನನ್ನು ಮಹಾಬೋಧಿಸತ್ತ್ವನೆಂದು ಪೂಜಿಸುತ್ತಿದ್ದರು, ಉಸ್ತುವಾರಿ ಬೌದ್ಧ ಭಿಕ್ಷುಗಳದಾಗಿತ್ತು. ಯೋಧರ ನಂಟಿದ್ದ ಇನ್ನೆರಡು ಶಿಂಟೋ ಕ್ಷೇತ್ರಗಳಾದ ಕಾಶಿಮಾ ಮತ್ತು ಕಾತೋರಿಯ ಸುತ್ತ ಕತ್ತಿವರಸೆಯ ಹಳೆಯ ಸಂಪ್ರದಾಯಗಳು ಬೆಳೆದವು.

ಸಾವಿನ ವಿಷಯ ಬಂದಾಗ ತೊಡಕು ಎದುರಾಗುತ್ತದೆ. ರಕ್ತ ಮತ್ತು ಹೆಣ ಶಿಂಟೋದಲ್ಲಿ ಮೈಲಿಗೆ. ಕೊಲ್ಲುವುದನ್ನೇ ವೃತ್ತಿ ಮಾಡಿಕೊಂಡವನು ದೇವರ ಮುಂದೆ ನಿಲ್ಲುವುದು ಹೇಗೆ? 1716ರ ಹೊತ್ತಿಗೆ ಮುಗಿದ ಹಾಗಾಕುರೆ ಎಂಬ ಸಮುರಾಯ್ ನೀತಿಯ ಕೃತಿಯಲ್ಲಿ ಸಮುರಾಯ್ ಯಾಮಾಮೋತೋ ತ್ಸುನೆತೋಮೋ ಈ ಇಕ್ಕಟ್ಟನ್ನು ನೇರವಾಗಿ ಎತ್ತುತ್ತಾನೆ. ಹೆಣಗಳ ಮೇಲೆ ಕಾಲಿಟ್ಟು ನಡೆಯುವ ಹೊತ್ತಿಗೆ ನೆರವಾಗಲಿ ಎಂದೇ ದಿನನಿತ್ಯ ಕೈಮುಗಿದದ್ದು. ಆಗ ಮೈಲಿಗೆಯೆಂದು ಮುಖ ತಿರುಗಿಸುವ ದೇವರಿಂದ ಪ್ರಯೋಜನವಿಲ್ಲ, ಆದ್ದರಿಂದ ಮೈಲಿಗೆ ಲೆಕ್ಕಿಸದೆ ಪೂಜಿಸುತ್ತೇನೆ ಎನ್ನುವುದು ಅವನ ನಿಲುವು. ಹೀಗೆ ಹೇಳಿದವನು ಒಡೆಯ ತೀರಿದ ಮೇಲೆ ಬೌದ್ಧ ದೀಕ್ಷೆ ಪಡೆದವನು. ಒಡೆಯನ ಹಿಂದೆಯೇ ಪ್ರಾಣ ಬಿಡುವ ಜುನ್‌ಶಿ ಪದ್ಧತಿಯನ್ನು ಆಗ ಜಪಾನನ್ನು ಆಳುತ್ತಿದ್ದ ತೋಕುಗಾವಾ ಯೋಧ ಸರ್ಕಾರ 1663ರಲ್ಲಿ ನಿಷೇಧಿಸಿತ್ತು. ನಮ್ಮಲ್ಲಿ ವೇಳೆವಾಳಿಗಳು, ಹೊಯ್ಸಳರ ಗರುಡರು ಇದೇ ಬಗೆಯ ವ್ರತ ಹೊತ್ತವರು. ಇಮ್ಮಡಿ ಬಲ್ಲಾಳನ ಜೊತೆ ಪ್ರಾಣಕೊಟ್ಟ ಕುವರ ಲಕ್ಷ್ಮನ ಸ್ಮಾರಕ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪಕ್ಕದಲ್ಲೇ ನಿಂತಿದೆ. ಆತ್ಮಾರ್ಪಣೆಯ ಕಲ್ಲನ್ನು ಗುಡಿಯ ಅಂಗಳದಲ್ಲಿ ನಿಲ್ಲಿಸಲು ಹೊಯ್ಸಳರಿಗೆ ಅಡ್ಡಿಯಾಗಲಿಲ್ಲ. ಸಾವನ್ನು ಗುಡಿಯಿಂದ ದೂರವಿಟ್ಟ ಶಿಂಟೋದಿಂದ ಜುನ್‌ಶಿಯಂಥ ಪದ್ಧತಿ ಹುಟ್ಟಿತೆನ್ನುವುದು ಕಷ್ಟ.

ತೋಕುಗಾವಾ ಕಾಲದಲ್ಲಿ ಸಮುರಾಯ್ ನೀತಿಯನ್ನು ಬರೆದಿಟ್ಟ ಯಾಮಾಗಾ ಸೋಕೋ ಮೊದಲಾದವರ ಆಧಾರ ಮುಖ್ಯವಾಗಿ ಕನ್‌ಫ್ಯೂಷಿಯಸ್ ಚಿಂತನೆ. ಯೋಧನ ನಿಷ್ಠೆ ಪ್ರಾಂತ್ಯದ ಒಡೆಯನಿಂದ ಚಕ್ರವರ್ತಿಯತ್ತ ಸರಿದದ್ದು ಶಿಂಟೋ ಚಿಂತಕ ಹಿರಾತಾ ಅತ್ಸುತಾನೆ ಮತ್ತು ಮಿತೋ ಎಂಬ ವಿದ್ವತ್ ಪಂಥದವರ ಬರಹಗಳಿಂದ, 19ನೆಯ ಶತಮಾನದಲ್ಲಿ.

ನಿಜವಾದ ತಿರುವು 1868. ಚಕ್ರವರ್ತಿಯ ಹೆಸರಿನಲ್ಲಿ ಬಂದ ಹೊಸ ಮೇಜಿ ಸರ್ಕಾರ ಶಿಂಟೋವನ್ನು ಬೌದ್ಧ ಧರ್ಮದಿಂದ ಬೇರ್ಪಡಿಸಿತು. 1870ರಲ್ಲಿ ತ್ಸುರುಗಾಓಕಾದ ಬೌದ್ಧ ಕಟ್ಟಡಗಳು ನೆಲಸಮವಾದವು. 1876ರಲ್ಲಿ ಸಮುರಾಯ್‌ಗಳ ಸೊಂಟದಿಂದ ಕತ್ತಿ ಇಳಿಯಿತು. ಆ ವರ್ಗ ಅಳಿದ ಮೇಲೆ ಅದರ ನೀತಿ ಇಡೀ ರಾಷ್ಟ್ರದ ನೀತಿಯಾಯಿತು. ಸೈನಿಕರಿಗೆ ಹೊರಡಿಸಿದ 1882ರ ರಾಜಾಜ್ಞೆ, ಯುದ್ಧದಲ್ಲಿ ಮಡಿದವರನ್ನು ಕಾಮಿಗಳಾಗಿ ಪೂಜಿಸುವ ಯಾಸುಕುನಿ ದೇವಸ್ಥಾನ, ತತ್ತ್ವಶಾಸ್ತ್ರಜ್ಞ ಇನೋಉಎ ತೆತ್ಸುಜಿರೋನ ಗ್ರಂಥಗಳು ಚಕ್ರವರ್ತಿಭಕ್ತಿಯನ್ನು ಬುಷಿದೋದ ತಿರುಳಾಗಿಸಿದವು. 1912ರಲ್ಲಿ ಮೇಜಿ ಚಕ್ರವರ್ತಿಯ ಅಂತ್ಯಕ್ರಿಯೆಯ ದಿನ ಜನರಲ್ ನೋಗಿ ಪತ್ನಿಯೊಂದಿಗೆ ಪ್ರಾಣ ಬಿಟ್ಟ. ಹಿಂದೊಮ್ಮೆ ಅಪರಾಧವಾಗಿದ್ದ ಜುನ್‌ಶಿ ಈಗ ಪೂಜೆ ಪಡೆಯಿತು. ನೋಗಿಗೆ ಶಿಂಟೋ ದೇವಸ್ಥಾನವೇ ಎದ್ದಿತು. ಜಪಾನ್ ತಜ್ಞ ಬೇಸಿಲ್ ಹಾಲ್ ಚೇಂಬರ್ಲೇನ್ 1912ರಲ್ಲೇ ಈ ಚಕ್ರವರ್ತಿಭಕ್ತಿಯನ್ನು ಹೊಸದಾಗಿ ಕಟ್ಟಿದ ಧರ್ಮವೆಂದು ಕರೆದ. ಓಲೆಗ್ ಬೆನೆಶ್ 2014ರ ಅಧ್ಯಯನದಲ್ಲಿ ಆಧುನಿಕ ಬುಷಿದೋ ಮೇಜಿ ಕಾಲದ ಸೃಷ್ಟಿಯೆಂದು ವಿವರವಾಗಿ ವಾದಿಸಿದ್ದಾರೆ.

ಆರಂಭದಲ್ಲಿ ಹೇಳಿದ ಮಾಂಟೆರೇಯ ಪುಸ್ತಕ ಈ ನಡುವಿನದು. ಅದರ ಲೇಖಕ ನಿತೋಬೆ ಇನಾಝೋ ಸಮುರಾಯ್ ಮನೆಯಲ್ಲಿ ಹುಟ್ಟಿ ಕ್ವೇಕರ್ ಕ್ರೈಸ್ತನಾದವನು. ಆರೋಗ್ಯ ಸುಧಾರಿಸಿಕೊಳ್ಳಲು ಕ್ಯಾಲಿಫೋರ್ನಿಯಕ್ಕೆ ಬಂದಿದ್ದಾಗ, ಮತಬೋಧನೆಯಿಲ್ಲದ ಜಪಾನೀ ಶಾಲೆಗಳಲ್ಲಿ ನೀತಿ ಎಲ್ಲಿಂದ ಬರುತ್ತದೆ ಎಂಬ ವಿದೇಶೀಯರ ಪ್ರಶ್ನೆಗೆ ಉತ್ತರವಾಗಿ ಇಂಗ್ಲಿಷಿನಲ್ಲೇ ಬರೆದ. ಬೌದ್ಧ ಧರ್ಮ ಕೊಡದದ್ದನ್ನು ಶಿಂಟೋ ಕೊಟ್ಟಿತು ಎಂಬ ಅವನ ಅಚ್ಚುಕಟ್ಟಾದ ವಿಂಗಡಣೆ 1868ರ ನಂತರದ ಕಣ್ಣಿಗೆ ಕಂಡದ್ದು. 1232ರ ಪ್ರಮಾಣಪತ್ರಕ್ಕೆ ಸಹಿ ಹಾಕಿದವರಿಗೆ ಅದು ಅರ್ಥವಾಗುತ್ತಿರಲಿಲ್ಲ.

ಹೇವರ್ಡ್ ಸುತ್ತಿನ ವಲಸಿಗರಿಗೆ ಬುಷಿದೋ ತಲುಪಿದ್ದು ಕೆಂಡೋ ಕತ್ತಿವರಸೆಯ ಮೂಲಕ. ಕ್ಯೋತೋದಲ್ಲಿ 1895ರಲ್ಲಿ ಸ್ಥಾಪನೆಯಾದ ದಾಯ್ ನಿಪ್ಪೋನ್ ಬುತೋಕುಕೈ ಸಂಸ್ಥೆಯ ಅಭ್ಯಾಸಮಂದಿರ ಹೇಆನ್ ದೇವಸ್ಥಾನದ ಮಗ್ಗುಲಲ್ಲೇ ಇತ್ತು. 1930ರ ಆಸುಪಾಸಿನಲ್ಲಿ ನಕಾಮುರಾ ತೋಕಿಚಿ ಕಟ್ಟಿದ ಹೋಕುಬೇ ಬುತೋಕುಕೈ ಸಂಘಕ್ಕೆ ಹೇವರ್ಡ್‌ನ ದಕ್ಷಿಣದ ಆಲ್ವರಾಡೋ ಕೇಂದ್ರವಾಯಿತು. ಆ ಊರು ಈಗ ಯೂನಿಯನ್ ಸಿಟಿಯ ಭಾಗ. ಪಶ್ಚಿಮ ಕರಾವಳಿಯ ಉದ್ದಕ್ಕೂ ಶಾಖೆಗಳು ಹರಡಿದವು. ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಗೆ ಶಿಸ್ತು, ಭಾಷೆ, ಹಿರಿಯರಲ್ಲಿ ಗೌರವ ಬರಲಿ ಎಂದು ಹೂವು ತರಕಾರಿ ಬೆಳೆಯುವ ತಂದೆತಾಯಂದಿರು ಅವರನ್ನು ಕಳಿಸಿದರು. ಅಮೆರಿಕ ಸರ್ಕಾರದ ಕಣ್ಣಿಗೆ ಕಂಡದ್ದು ಚಕ್ರವರ್ತಿನಿಷ್ಠೆ ಮಾತ್ರ. ಪರ್ಲ್ ಹಾರ್ಬರ್ ದಾಳಿಯ ನಂತರ ಎಫ್‌ಬಿಐ ಮೊದಲು ಬಂಧಿಸಿದವರಲ್ಲಿ ಕೆಂಡೋ ಗುರುಗಳೂ ಶಿಂಟೋ ಅರ್ಚಕರೂ ಇದ್ದರು.

ಸರ್ಕಾರ ಜಪಾನೀ ಕುಟುಂಬಗಳನ್ನು ಊರು ಬಿಡಿಸಿ ಬಂಧನ ಶಿಬಿರಗಳಿಗೆ ಸಾಗಿಸಿದಾಗ, 1942ರ ಮೇ 8ರಂದು ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಹೇವರ್ಡ್‌ನಲ್ಲಿ ತೆಗೆದ ಚಿತ್ರಗಳು ಉಳಿದಿವೆ. ಕೋಟಿನ ಗುಂಡಿಗೆ ಗುರುತಿನ ಚೀಟಿ ಕಟ್ಟಿಸಿಕೊಂಡ ಮಕ್ಕಳು, ಗಂಟುಮೂಟೆಯ ಪಕ್ಕ ಬಸ್ಸಿಗಾಗಿ ಕಾಯುವ ಹಿರಿಯರು. ಇಲ್ಲಿಂದ ಹಲವರು ಟ್ಯಾನ್‌ಫೊರಾನ್ ಕುದುರೆಪಂದ್ಯದ ಮೈದಾನಕ್ಕೂ ಅಲ್ಲಿಂದ ಯೂಟಾದ ಟೋಪಾಝ್ ಶಿಬಿರಕ್ಕೂ ಹೋದರು. ಶಿಬಿರಗಳಲ್ಲಿ ಹಂಚಿದ 1943ರ ನಿಷ್ಠೆಯ ಪ್ರಶ್ನಾವಳಿಯ 28ನೆಯ ಪ್ರಶ್ನೆ ಜಪಾನಿನ ಚಕ್ರವರ್ತಿಗೆ ವಿಧೇಯತೆ ತೊರೆಯುವಿರಾ ಎಂದು ಕೇಳಿತು. ಅಂಥ ವಿಧೇಯತೆಯನ್ನು ಎಂದೂ ಹೊಂದಿರದ ಅಮೆರಿಕನ್ ಪ್ರಜೆಗಳಿಗೆ ಹೌದೆಂದರೂ ಅವಮಾನ, ಇಲ್ಲವೆಂದರೂ ಶಿಕ್ಷೆ. ಅಮೆರಿಕದ ಪೌರತ್ವಕ್ಕೆ ಅನರ್ಹರಾಗಿದ್ದ ಹಿರಿಯರು ಹೌದೆಂದರೆ ಯಾವ ದೇಶಕ್ಕೂ ಸೇರದವರಾಗುತ್ತಿದ್ದರು. ಆ ಕಾರಣಕ್ಕೆ ಅವರ ಪ್ರಶ್ನೆಯನ್ನು ತಿದ್ದಬೇಕಾಯಿತು.

ಆಕ್ರಮಿತ ಜಪಾನಿನಲ್ಲಿ 1945ರ ಡಿಸೆಂಬರ್ 15ರ ಆದೇಶ ಶಿಂಟೋವನ್ನು ಪ್ರಭುತ್ವದಿಂದ ಬಿಡಿಸಿತು. ಎರಡು ವರ್ಷಗಳ ನಂತರವೂ ಅಮೆರಿಕದ ಅಟಾರ್ನಿ ಜನರಲ್ ಪ್ರಕಟಿಸಿದ ಸಂಶಯಾಸ್ಪದ ಸಂಘಟನೆಗಳ ಪಟ್ಟಿಯಲ್ಲಿ ದಾಯ್ ನಿಪ್ಪೋನ್ ಬುತೋಕುಕೈ ಜೊತೆ ಶಿಂಟೋ ದೇವಾಲಯಗಳೂ ಸೇರಿದ್ದವು. ಶಿಬಿರಗಳ ಅನ್ಯಾಯಕ್ಕೆ ಅಮೆರಿಕ ಕಾನೂನಿನ ಮೂಲಕ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಪರಿಹಾರ ಘೋಷಿಸಿದ್ದು 1988ರಲ್ಲಿ.