ಕರ್ತೃತ್ವ ವಿವಾದದಿಂದ ಹುಟ್ಟಿದ ಪಠ್ಯೋಪಕರಣಗಳು

1787–88ರಲ್ಲಿ ಅಮೆರಿಕದ ನೂತನ ಸಂವಿಧಾನವನ್ನು ಸಮರ್ಥಿಸಿ ‘ಪಬ್ಲಿಯಸ್’ ಎಂಬ ಒಂದೇ ಗುಪ್ತನಾಮದಲ್ಲಿ 85 ಪ್ರಬಂಧಗಳು ಪ್ರಕಟವಾದವು. ಬರೆದವರು ಮೂವರು: ಹ್ಯಾಮಿಲ್ಟನ್, ಮ್ಯಾಡಿಸನ್ ಮತ್ತು ಜೇ. ಇವುಗಳಲ್ಲಿ 12 ಪ್ರಬಂಧಗಳ ಕರ್ತೃತ್ವ ಬಹುಕಾಲ ವಿವಾದಾಸ್ಪದವಾಗಿಯೇ ಉಳಿದಿತ್ತು. 1964ರಲ್ಲಿ ಮಾಸ್ಟೆಲರ್ ಮತ್ತು ವಾಲೆಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಸಾಮಾನ್ಯ ಪದಗಳ ಬಳಕೆಯನ್ನು ಎಣಿಸಿ, ಅವು ಬಹುಮಟ್ಟಿಗೆ ಮ್ಯಾಡಿಸನ್ನನವೇ ಎಂದು ನಿರ್ಣಯಿಸಿದರು. ಹ್ಯಾಮಿಲ್ಟನ್ ‘ವೈಲ್’ ಎನ್ನುವಲ್ಲಿ ಮ್ಯಾಡಿಸನ್ ‘ವೈಲ್ಸ್ಟ್’ ಎಂದು ಬರೆಯುತ್ತಿದ್ದುದು ಒಂದು ಮುಖ್ಯ ಸುಳಿವಾಗಿತ್ತು.

ಈ ವಿವಾದದಿಂದ ಗಣಕಲೋಕಕ್ಕೂ ಒಂದು ಲಾಭವಾಯಿತು. ಬೆಲ್ ಪ್ರಯೋಗಾಲಯದ ಲೀ ಮೆಕ್‌ಮಹನ್ ಇದೇ ಪ್ರಬಂಧಗಳ ಪರಿಶೀಲನೆಗೆ ತೊಡಗಿದಾಗ, ಆ ಪಠ್ಯವು ಅಂದಿನ ‘ಎಡ್’ ಎಂಬ ಸಂಪಾದಕ ತಂತ್ರಾಂಶದ ಧಾರಣಶಕ್ತಿಯನ್ನು ಮೀರಿತ್ತು. ಕೆನ್ ಥಾಂಪ್ಸನ್ ಅದರ ಹುಡುಕುವ ಭಾಗವನ್ನಷ್ಟೇ ಬೇರ್ಪಡಿಸಿ ‘ಗ್ರೆಪ್’ ಎಂಬ ಉಪಕರಣವನ್ನು ನೀಡಿದರು. ಇದರ ಬುನಾದಿ, ಗಣಿತಜ್ಞ ಸ್ಟೀಫನ್ ಕ್ಲೀನಿ 1956ರಲ್ಲಿ ಪ್ರಕಟಿಸಿದ ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಎಂಬ ಪರಿಕಲ್ಪನೆ. ಅಕ್ಷರಗಳ ವಿನ್ಯಾಸವನ್ನು ಸೂತ್ರರೂಪದಲ್ಲಿ ಹೇಳುವ ಕ್ರಮವದು.

ಗ್ರೆಪ್ ಹುಡುಕುತ್ತದೆ, ತಿದ್ದುವುದಿಲ್ಲ. ತಿದ್ದುವ ‘ಸೆಡ್’ ಮೆಕ್‌ಮಹನ್ನರದೇ ಕೃತಿ. 1977ರಲ್ಲಿ ಆಹೊ, ವೈನ್‌ಬರ್ಗರ್, ಕರ್ನಿಗನ್ ಅವರ ಹೆಸರುಗಳ ಮೊದಲಕ್ಷರಗಳಿಂದ ‘ಆಕ್’ ರೂಪುಗೊಂಡಿತು. ಇದಕ್ಕೆ ಪ್ರತಿ ಸಾಲೂ ಒಂದು ದಾಖಲೆ. ವಿಭಾಜಕ ಚಿಹ್ನೆಗಳ ನಡುವಿನದು ಅಂಕಣ. ‘ಕೃತಿ, ಕವಿ, ಕಾಲ’ ಎಂಬ ಕ್ರಮದ ಸಾವಿರ ಸಾಲುಗಳ ಸೂಚಿಯನ್ನು ‘ಕವಿ, ಕೃತಿ, ಕಾಲ’ ಎಂದು ಮಾರ್ಪಡಿಸಲು ಒಂದೇ ಸಾಲಿನ ಆದೇಶ ಸಾಕು.

ಆದರೆ ಕೃತಿಯ ಹೆಸರಿನಲ್ಲಿಯೇ ಅಲ್ಪವಿರಾಮವಿದ್ದರೆ ಹೆಸರು ಎರಡಾಗಿ ಒಡೆದು, ಅದರ ಉತ್ತರಾರ್ಧವೇ ಕವಿಯಾಗಿಬಿಡುತ್ತದೆ! ಸೂತ್ರವು ಚಿಹ್ನೆಯನ್ನು ಕಾಣಬಲ್ಲದು, ಅರ್ಥವನ್ನಲ್ಲ. ವಿಭಾಜಕವನ್ನು ವಿವೇಚಿಸಿ ಆರಿಸುವುದೂ ಫಲಿತವನ್ನು ಮೂಲದೊಡನೆ ತಾಳೆ ನೋಡುವುದೂ ಗ್ರಂಥಸಂಪಾದಕನ ಹಳೆಯ ಹೊಣೆಗಳೇ. ಗಣಕವು ಅವನ್ನು ಹಗುರಗೊಳಿಸಿದೆಯೇ ಹೊರತು ಇಲ್ಲವಾಗಿಸಿಲ್ಲ.